ಎಡಗಡೆ ಸೀಟಿನ ಜೋಳದ ಚೀಲ

ಹೆಂಡತಿ ಕೂರಬೇಕಾದ ಸೀಟಿನಲ್ಲಿ ಜೋಳದ ಚೀಲ ಕೂರಿಸಿ, ಅದಕ್ಕೆ ಬೆಲ್ಟು ಬಿಗಿದು, ಹೊಲಕ್ಕೆ ಹೋಗಿಬರುತ್ತಿದ್ದ ಗಂಡಸನ್ನು ನೀವು ಎಲ್ಲಾದರೂ ನೋಡಿದ್ದೀರಾ? ಇಲ್ಲವೆಂದರೆ ಸವಣೂರಿಗೆ ಬಂದು ನನ್ನ ಸೋದರಮಾವನನ್ನು ನೋಡಿಕೊಂಡು ಹೋಗಿ. ನೋಡುವುದಕ್ಕೆ ಟಿಕೀಟಿಲ್ಲ. ಆದರೆ ನಮ್ಮ ಅತ್ತೆಯ ಎದುರಿಗೆ ಮಾತ್ರ ಆ ಚೀಲದ ಸುದ್ದಿ ತೆಗೆಯಬೇಡಿ. ತೆಗೆದವರಿಗೆ ಆ ಮನೆಯಲ್ಲಿ ಇದುವರೆಗೆ ಚಹಾ ಸಿಕ್ಕಿಲ್ಲ!

ಮಾವನದು ಕಾಳುಕಡಿಯ ವ್ಯಾಪಾರ. ತಕ್ಕಡಿಯ ಮುಂದೆಯೇ ಹುಟ್ಟಿ ಬೆಳೆದ ಮನುಷ್ಯ, ಚೀಲವನ್ನು ಕಣ್ಣಲ್ಲೇ ತೂಗುತ್ತಾರೆ. ಚೀಲಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ, ಮದುವೆಮನೆಯಲ್ಲಿ ಬೀಗರನ್ನೂ ತೂಗಿಬಿಡುತ್ತಾರೆ. ಇಂಥವರಿಗೆ ಐವತ್ತು ದಾಟಿದ ಮೇಲೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಯಿತು. ಕೊಳ್ಳುವ ಹುಚ್ಚಲ್ಲ ಸ್ವಾಮಿ, ಕಟ್ಟುವ ಹುಚ್ಚು! ಮೊಬೈಲಿನಲ್ಲಿ ಯಾರೋ ಪರದೇಶದವನು ತನ್ನ ಹಿತ್ತಲಲ್ಲಿ ಕಾರು ಕಟ್ಟುವುದನ್ನು ನೋಡಿದ್ದೇ ನೆಪವಾಯಿತು. ಬಂಕಾಪುರದ ಗುಜರಿಯಿಂದ ಹಳೆಯ ಸಣ್ಣ ಕಾರೊಂದರ ಎಂಜಿನ್ ಬಂತು. ಶಿಗ್ಗಾಂವಿಯಿಂದ ಕಬ್ಬಿಣದ ಪೈಪುಗಳು ಬಂದವು. ಮನೆಯ ಹಿಂದಿನ ಶೆಡ್ಡಿನಲ್ಲಿದ್ದ ಹೊಟ್ಟು ಹೊರಗೆ ಬಂತು, ಮಾವ ಒಳಗೆ ಹೋದರು. ಅವರ ಊಟವೂ ಅಲ್ಲಿಗೇ ಹೋಗತೊಡಗಿತು. ಅವರು ಹೊರಗೆ ಬಂದದ್ದು ಎರಡು ವರ್ಷದ ಮೇಲೆ.

ಗಾಡಿ ಹಗುರವಾದಷ್ಟೂ ಚುರುಕು ಎಂಬುದು ಅವರ ಸಿದ್ಧಾಂತ. ಹೀಗಾಗಿ ಅದಕ್ಕೆ ಬಾಗಿಲಿಲ್ಲ, ಛಾವಣಿಯಿಲ್ಲ, ಗಾಜಿಲ್ಲ. ಇಂಥದ್ದಕ್ಕೆ ನಂಬರು ಕೊಡಲಾಗದು ಎಂದು ಕಚೇರಿಯವರು ಕೈಮುಗಿದು ಕಳಿಸಿದ್ದರಿಂದ ನಂಬರ್ ಪ್ಲೇಟೂ ಇಲ್ಲ. ಅದರ ರಾಜ್ಯವೆಲ್ಲ ಹತ್ತಿಮತ್ತೂರಿನ ಕಡೆಗಿರುವ ನಮ್ಮ ಹೊಲದ ದಾರಿ ಮತ್ತು ಕೆರೆಯ ಏರಿ, ಅಷ್ಟೇ.

ಮೊದಲ ಸವಾರಿಗೆ ಬಲಿಯಾದವನು ನಾನು. ಒಳಗೆ ಕಾಲಿಟ್ಟು ರೂಢಿಯಂತೆ ಚಕ್ಕಳಮಕ್ಕಳ ಹಾಕಲು ಹೋದೆ. ಮಾವ ಕಾಲು ಹಿಡಿದು ಜಗ್ಗಿ ಉದ್ದಕ್ಕೆ ಚಾಚಿಸಿದರು. ಈಗ ನನ್ನ ಕುಂಡೆಗೂ ನೆಲಕ್ಕೂ ಒಂದು ಗೇಣಿನ ಅಂತರ. ಪಕ್ಕದಲ್ಲಿ ಹಾದುಹೋದ ಮೇಕೆಯ ಮುಖ ಕಾಣಲು ನಾನು ತಲೆಯೆತ್ತಬೇಕಾಯಿತು! ಇಷ್ಟು ಕೆಳಗೆ ಯಾಕೆ ಎಂದು ಕೇಳಿದ್ದಕ್ಕೆ, ಕೆಳಗೆ ಕೂತವನಿಗೆ ಗಾಡಿಯ ಮನಸ್ಸು ಸೊಂಟದಿಂದಲೇ ತಿಳಿಯುತ್ತದೆ ಎಂದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀ ಸಾಲೂದಿಲ್ಲ ಬಿಡು" ಎಂದು ಕಡಲೆಯ ಗಂಟೊಂದನ್ನು ತೊಡೆಯ ಮೇಲೆ ಹೇರಿದರು.

ಸಾಲುವುದಿಲ್ಲವೆಂದರೆ ಯಾರಿಗೆ ಹೋಲಿಸಿ? ಅತ್ತೆಗೆ! ಮಾವ ಆ ಗಾಡಿಯ ಸ್ಪ್ರಿಂಗುಗಳನ್ನು ಕೂರಿಸಿದ್ದೇ ಬಲಕ್ಕೆ ತಾವು, ಎಡಕ್ಕೆ ಅತ್ತೆ ಎಂಬ ಲೆಕ್ಕದಲ್ಲಿ. ಎಡಕ್ಕೆ ಆ ಭಾರ ಇಲ್ಲದಿದ್ದರೆ ಎಡತಿರುವಿನಲ್ಲಿ ಆ ಬದಿಯ ಗಾಲಿ ನೆಲ ಬಿಡುತ್ತದೆ, ಗಾಡಿ ತಿರುಗದೆ ನೇರ ಜಾರುತ್ತದೆ. ಊರಿಗೆ ಮರಳುವಾಗ ನಮ್ಮ ಏರಿಯ ನಟ್ಟನಡುವೆ ಅಂಥದ್ದೇ ತಿರುವು, ನೇರ ಜಾರಿದರೆ ಕೆರೆಯಲ್ಲೇ ಸ್ನಾನ! ಬಂದು ಕೂರು ಎಂದರೆ ಅತ್ತೆ ನಾಳೆ ನಾಡಿದ್ದು ಎಂದು ದೂಡಿದರು. ಅಲ್ಲಿಯ ತನಕ ಇರಲಿ ಎಂದು ಮಾವ, ಗಾಡಿ ಶುರುಮಾಡುವಾಗ ಅತ್ತೆಯನ್ನು ಕಣ್ಣಲ್ಲೇ ತೂಗಿದ್ದ ಲೆಕ್ಕ ಹಿಡಿದು, ಅಷ್ಟೇ ಭಾರದ ಜೋಳದ ಚೀಲ ಹೊಲಿಸಿ ಬೆಲ್ಟು ಬಿಗಿದರು. ಎಷ್ಟು ಕಿಲೋ ಎಂದು ಇಲ್ಲಿ ಬರೆಯಲಾರೆ, ನನಗೂ ಆ ಮನೆಯ ಚಹಾ ಬೇಕು.

ಚೀಲದ ಸುದ್ದಿ ಪೇಟೆಗೆಲ್ಲ ಹಬ್ಬಿತು. ಇವತ್ತು ಅಕ್ಕಾರು ಗಾಡ್ಯಾಗ ಕುಂತಾರೇನು ಎಂದು ಹಮಾಲರು ಚೀಲಕ್ಕೇ ನಮಸ್ಕಾರ ಮಾಡತೊಡಗಿದರು. ಅತ್ತೆಯ ಕಿವಿಗೂ ಬಿತ್ತು. ಅವರು ಕೂಗಾಡಲಿಲ್ಲ. ರೊಟ್ಟಿ ಬಡಿಯುತ್ತಲೇ ನನಗೆ ಹೇಳಿದರು:

"ನನ್ನ ಜಾಗಕ್ಕ ಚೀಲ ಕುಂದ್ರಿಸ್ಯಾರ. ಇನ್ನ ನಾ ಯಾಕ ಬೇಕೋ ಅವರಿಗೆ? ಸತ್ರೂ ಅದರಾಗ ಕುಂದ್ರೂದಿಲ್ಲ ನಾ."

ಮಾವನಿಗೆ ಈ ಮಾತು ಮುಟ್ಟಿಸಿದೆ. ಅವರ ಮುಖ ಸಣ್ಣದಾಯಿತು. ಎರಡನೆಯ ಸೀಟು ಇಟ್ಟಿದ್ದೇ ಆಕೆಗೋಸ್ಕರ, ಇಲ್ಲದಿದ್ದರೆ ಒಂದೇ ಸೀಟಿನಲ್ಲಿ ಗಾಡಿ ಇನ್ನೂ ಹಗುರವಾಗುತ್ತಿತ್ತು ಎಂದರು. ಅತ್ತೆ ಒಂದೇ ಒಂದು ಸಲ ಬಂದು ಪಕ್ಕದಲ್ಲಿ ಕೂರಬೇಕು, ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಎರಡು ವರ್ಷ ಹೆಂಡತಿಯ ಕಣ್ಣಿಗೆ ಬೀಳದೆ ಹೆಂಡತಿಗಾಗಿ ಗಾಡಿ ಕಟ್ಟಿದ ಈ ಬುದ್ಧಿವಂತರಿಗೆ ನಾನು ಏನು ಹೇಳಲಿ?

ಶೀಗಿ ಹುಣ್ಣಿಮೆ ಬಂತು. ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೋದರು, ಅತ್ತೆ ಅವರೊಂದಿಗೆ. ಮಾವ ಚೀಲದೊಂದಿಗೆ. ನಾನು ಬೈಕಿನಲ್ಲಿ. ಬನ್ನಿಯ ಗಿಡದ ಕೆಳಗೆ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ ಮಾಡಬೇಕು. ನಾಲ್ಕು ಸಿಕ್ಕಿದ್ದವು. ಐದನೆಯದಕ್ಕೆಂದು ಅತ್ತೆ ಬದುವಿನ ಬಳಿ ಕಲ್ಲೊಂದನ್ನು ಎತ್ತಿದರು, "ಅವ್ವಾ" ಎಂದು ಕೂತುಬಿಟ್ಟರು. ಕಲ್ಲಿನ ಕೆಳಗೆ ಕೆಂಪು ಚೇಳು.

ನೋಡನೋಡುತ್ತ ಅತ್ತೆಯ ಹಣೆಯೆಲ್ಲ ಬೆವರಾಯಿತು. ವಾಂತಿಯಾಯಿತು, ಕೈಕಾಲು ತಣ್ಣಗಾದವು. ಟ್ರ್ಯಾಕ್ಟರಿನ ನಡಿಗೆಯಲ್ಲಿ ಸವಣೂರು ಮುಟ್ಟುವುದು ಯಾವಾಗ? ನನ್ನ ಬೈಕಿನ ಹಿಂದೆ ಕೂರಿಸಿ ನೋಡಿದೆವು, ಹಿಡಿದುಕೊಳ್ಳಲಾಗದೆ ವಾಲಿದರು. ಮಾವ ಗಾಡಿಯ ಹತ್ತಿರ ಓಡಿದರು, ಬೆಲ್ಟು ಬಿಚ್ಚಿ ಚೀಲವನ್ನು ಎತ್ತಿ ಒಗೆದರು. ಹೊಲಿಗೆ ಬಿಟ್ಟು ಜೋಳವೆಲ್ಲ ಎರೆಮಣ್ಣಿನ ಮೇಲೆ ಚೆಲ್ಲಿತು. ಒಂದು ಕಾಳು ಬಿದ್ದರೂ ಬಗ್ಗಿ ಆರಿಸುವ ಮನುಷ್ಯ, ಆ ಕಡೆ ತಿರುಗಿಯೂ ನೋಡಲಿಲ್ಲ.

ಅತ್ತೆಯನ್ನು ಎತ್ತಿ ಆ ತಗ್ಗಿನ ಸೀಟಿನಲ್ಲಿ ಇಳಿಸಿದೆವು. ಅತ್ತಿತ್ತ ವಾಲಲು ಅಲ್ಲಿ ಜಾಗವೇ ಇಲ್ಲ, ಮೈಯನ್ನು ಎರಡೂ ಕಡೆಯಿಂದ ಹಿಡಿದುಕೊಂಡಿತು. ಗಾಡಿ ಹೊರಟಿತು, ಹಿಂದೆ ನಾನು. ಮಾವ ಅಷ್ಟು ಜೋರಾಗಿ ಓಡಿಸಿದ್ದನ್ನು ನಾನು ಕಂಡಿರಲಿಲ್ಲ. ಏರಿಯ ತಿರುವು ಬಂತು. ಕೆಳಗೆ ತುಂಬಿದ ಕೆರೆ. ಮಾವ ಗಾಡಿಯನ್ನು ಎಡಕ್ಕೆ ಹೊರಳಿಸಿದರು, ಆ ಬದಿಯ ಮುಂದಿನ ಗಾಲಿ ನೆಲ ಬಿಟ್ಟಿತು! ಗಾಲಿಯ ಕೆಳಗೆ ಬೆಳಕು ಕಂಡಿತು. ಮಾವ ಸ್ಟಿಯರಿಂಗನ್ನು ಒಂದಿಷ್ಟೇ ಸಡಿಲಿಸಿದರು, ಗಾಲಿ ನೆಲಕ್ಕೆ ಬಂತು, ಗಾಡಿ ತಿರುಗಿತು. ಅಂಚಿನಿಂದ ಒಂದಷ್ಟು ಕಲ್ಲು ಮಾತ್ರ ನೀರಿಗೆ ಬಿದ್ದವು. ಸರ್ಕಲ್ಲಿನಲ್ಲಿ ಪೊಲೀಸರು ಸೀಟಿ ಊದಿದರು. ನಂಬರೇ ಇಲ್ಲದ ಗಾಡಿಯ ಯಾವ ನಂಬರು ಬರೆದುಕೊಳ್ಳುತ್ತಾರೆ, ಪಾಪ.

ದವಾಖಾನೆಯಲ್ಲಿ ಇಂಜೆಕ್ಷನ್ನು, ಸಲಾಯಿನು ಎಲ್ಲ ಆದವು. ಸಂಜೆಗೆ ಡಾಕ್ಟರು ಬಂದು ನೋಡಿ, ಇನ್ನು ಹೆದರಿಕೆಯಿಲ್ಲ, ಸ್ವಲ್ಪ ಉಣ್ಣಬಹುದು ಎಂದರು. ನಾನು ನಿರುಮ್ಮಳವಾಗಿ ಗೋಡೆಗೆ ಒರಗಿದೆ. ಕೊನೆಗೂ ಅತ್ತೆ ಗಾಡಿಯಲ್ಲಿ ಕೂತರಲ್ಲ, ಮಾವ ಖುಷಿಯಾಗಿರಬೇಕು ಎಂದು ಅವರ ಮುಖ ನೋಡಿದೆ. ಮಾವ ಮಂಚದ ಕಾಲಬದಿಗೆ ನಿಂತಿದ್ದರು, ಹೊಲದಲ್ಲಿದ್ದದ್ದಕ್ಕಿಂತ ಹೆಚ್ಚು ಹೆದರಿದವರ ಹಾಗೆ.

"ತಿರುವಿನಾಗ ಎಡಕ್ಕಿನ ಗಾಲಿ ಎದ್ದಿತು," ಎಂದರು. "ಚೀಲ ಇದ್ದಾಗ ಎಷ್ಟ ಜೋರ ಹೊಡದ್ರೂ ಎದ್ದಿದ್ದಿಲ್ಲ. ನೀ ಹಗುರ ಆಗೀದಿ. ಏನಾಗೇತಿ ನಿನಗ?"

ಅತ್ತೆ ಸೆರಗನ್ನು ಭುಜಕ್ಕೆ ಎಳೆದುಕೊಂಡರು.

"ಏನೂ ಆಗಿಲ್ಲ. ನೀವು ಶೆಡ್ಡಿನಾಗ ಉಣ್ಣಾಕ ಹತ್ತಿದ್ರಿ. ಒಬ್ಬಾಕಿನ ಕುಂತ್ರ ನನಗ ಊಟ ಹೋಗೂದಿಲ್ಲರಿ."

ಪೇಟೆಯ ಜನರನ್ನೆಲ್ಲ ಕಣ್ಣಲ್ಲೇ ತೂಗುವ ನಮ್ಮ ಮಾವ ಶೆಡ್ಡು ಹೊಕ್ಕ ಮೇಲೆ ಹೆಂಡತಿಯನ್ನು ಮತ್ತೊಮ್ಮೆ ನೋಡಿರಲಿಲ್ಲ. ಅವರಿಗೂ ಅದು ಗೊತ್ತಾಯಿತು, ನನಗೂ ಗೊತ್ತಾಯಿತು. ಮನೆಯವರು ಹೊಲದಿಂದ ತಂದಿಟ್ಟಿದ್ದ ಬುತ್ತಿಯನ್ನು ಮಾವ ಬಿಚ್ಚಿದರು. ಮಂಚದ ಅಂಚಿಗೆ ಕೂತು ಸಜ್ಜೆ ರೊಟ್ಟಿಯೊಂದನ್ನು ಮುರಿದು ಅರ್ಧ ತಾವು ಇಟ್ಟುಕೊಂಡರು, ಅರ್ಧವನ್ನು ಅತ್ತೆಯ ನೋವಿಲ್ಲದ ಕೈಗೆ ಕೊಟ್ಟು, ಅವರು ಬಾಯಿಗೆ ಇಡುವ ತನಕ ಕಾಯುತ್ತ ಕೂತರು. ಅತ್ತೆ ನಿಧಾನವಾಗಿ ತಿಂದು ಮುಗಿಸಿದರು. ಆಮೇಲೆ ಇನ್ನರ್ಧ ಕೇಳಿದರು.