ಹೆಚ್ಚುಕಮ್ಮಿ ಖಾಯಂ

ತಂಟೆಗೆಲ್ಲ ಮೂಲ ಒಂದು ಗುರುತು. ಕೂಡುವ ಗುರುತಿನ ಕಾಲಡಿ ಕಳೆಯುವ ಗುರುತು ಹೋಗಿ ಕೂತಿರುತ್ತದಲ್ಲ, ಅದು. ಲೆಕ್ಕದವರು ಅದಕ್ಕೆ ಏನೇನೋ ಹೆಸರಿಟ್ಟಿರಬಹುದು. ನಮ್ಮ ಮೇಷ್ಟ್ರು ಮಾತ್ರ ಅದನ್ನು ‘ಹೆಚ್ಚುಕಮ್ಮಿ’ ಎಂದು ಓದುತ್ತಿದ್ದರು. ಹಾಗೆ ಓದಿ ಓದಿ ಸಂಸ್ಥೆಯವರ ಬಾಯಲ್ಲಿ ತಾವೇ ಹೆಚ್ಚುಕಮ್ಮಿ ಮೇಷ್ಟ್ರಾಗಿಬಿಟ್ಟಿದ್ದರು. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ, "ಎಂಟೂವರೆ, ಹೆಚ್ಚುಕಮ್ಮಿ ಹತ್ತು ನಿಮಿಷ" ಎನ್ನುವರು. ಮದುವೆಯಾಗಿ ಎಷ್ಟು ವರ್ಷವಾಯಿತೆಂದು ಕೇಳಿದವರಿಗೂ ಒಮ್ಮೆ ಹಾಗೇ ಉತ್ತರ ಕೊಟ್ಟು, ಎರಡು ದಿನ ಮನೆಯಲ್ಲಿ ಮಾತಿಲ್ಲದೆ ಊಟ ಮಾಡಿದ್ದರು.

ಮೊದಲೇ ಹೇಳಿಬಿಡುತ್ತೇನೆ, ಈ ಕತೆಯಲ್ಲಿ ನಾನು ಮೇಷ್ಟ್ರ ಪರ. ಬೇಕಾದವರು ಓದಬಹುದು.

ಮೇಷ್ಟ್ರ ಕೆಲಸ ಪರಮಾಣುವಿನ ಹೊಟ್ಟೆಯೊಳಗಿನದು. ಅಲ್ಲಿ ಪ್ರೋಟಾನು, ನ್ಯೂಟ್ರಾನುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಅವನ್ನು ಹಾಗೆ ಹಿಡಿದಿಟ್ಟಿರುವ ಬಲ ಎಂಥದ್ದು, ಎಷ್ಟು, ಎಂದು ಹನ್ನೆರಡು ವರ್ಷದಿಂದ ಲೆಕ್ಕ ಹಾಕುತ್ತಿದ್ದರು. ಆ ಲೆಕ್ಕದ ಪದ್ಧತಿಗೆ ಕೈರಲ್ ಸಿದ್ಧಾಂತವೆಂದು ಹೆಸರು. ಎದುರುಮನೆಯಾಕೆ ಅದನ್ನು ವೈರಲ್ ಎಂದು ಕೇಳಿಸಿಕೊಂಡು, ಮೊದಲ ಆರು ತಿಂಗಳು ಮೇಷ್ಟ್ರನ್ನು ಮೂಗಿಗೆ ಕರವಸ್ತ್ರ ಹಿಡಿದೇ ಮಾತಾಡಿಸಿದ್ದರು.

ಈ ಲೆಕ್ಕವನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಮೊದಲ ಮೆಟ್ಟಿಲಲ್ಲಿ ಬಹಳ ಮುಖ್ಯವಾದದ್ದು, ಎರಡನೆಯದರಲ್ಲಿ ಅದಕ್ಕಿಂತ ಸಣ್ಣದು, ಮೂರನೆಯದರಲ್ಲಿ ಇನ್ನೂ ಸಣ್ಣದು. ಮೆಟ್ಟಿಲಿಗೆ ಕೊನೆಯೇ ಇಲ್ಲ. ಎಲ್ಲೋ ಒಂದು ಕಡೆ ಉಸಿರು ಕಟ್ಟಿ ನಿಲ್ಲಲೇಬೇಕು. ನಿಂತಮೇಲೆ, ಹತ್ತದೆ ಬಿಟ್ಟ ಮೆಟ್ಟಿಲುಗಳಿಂದ ನನ್ನ ಉತ್ತರ ಇಷ್ಟು ಆಚೀಚೆ ಆಗಬಹುದು ಎಂದು ಒಪ್ಪಿಕೊಳ್ಳಬೇಕು. ಆ ಒಪ್ಪಿಗೆಯೇ ಹೆಚ್ಚುಕಮ್ಮಿ. ಗ್ರಾಫಿನಲ್ಲಿ ಅದು ಗೆರೆಯ ಎರಡೂ ಪಕ್ಕದಲ್ಲಿ ಬೂದು ಬಣ್ಣದ ಪಟ್ಟೆಯಾಗಿ ಕಾಣುತ್ತದೆ.

ಆ ದಿನ ಮಧ್ಯಾಹ್ನ ಮೂರಕ್ಕೆ ಸಮಿತಿ ಬರುವುದಿತ್ತು. ಮೇಷ್ಟ್ರದು ಒಂದೊಂದೇ ವರ್ಷಕ್ಕೆ ಮುಂದುವರಿಸುತ್ತ ಬಂದ ತಾತ್ಕಾಲಿಕ ಹುದ್ದೆ. ಹೊಸ ನಿಯಮದಂತೆ ಕ್ವಾರ್ಟರ್ಸು ಖಾಯಂ ಆದವರಿಗೆ ಮಾತ್ರ. ಸಮಿತಿ ಖಾಯಂ ಮಾಡಿದರೆ ಉಂಟು, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆ ಖಾಲಿ. ಹೆಂಡತಿ ಮುಂಜಾಗ್ರತೆಗೆಂದು ಅರ್ಧ ಸಾಮಾನನ್ನು ಆಗಲೇ ಪೆಟ್ಟಿಗೆಗಳಿಗೆ ತುಂಬಿ, ಹಗ್ಗ ಬಿಗಿದು, ಹಜಾರದಲ್ಲಿ ಸಾಲಾಗಿ ಇಟ್ಟಿದ್ದರು.

"ಸಂಜೆ ಬಂದು ನಂಗೆ ಒಂದೇ ಒಂದು ಮಾತು ಹೇಳ್ಬೇಕು," ಎಂದರು ಹೆಂಡತಿ, ಮೇಷ್ಟ್ರು ಚಪ್ಪಲಿ ಬಿಟ್ಟು ಬೂಟಿಗೆ ಕಾಲು ತೂರಿಸುತ್ತಿದ್ದಾಗ. "ಕಟ್ಟೋದಾ, ಬಿಚ್ಚೋದಾ. ಅಷ್ಟೇ. ಮಧ್ಯೆ ಇನ್ನೇನೂ ಬೇಡ."

"ನೋಡು, ಹೆಚ್ಚುಕಮ್ಮಿ..."

"ಆ ಪದ ಇವತ್ತೊಂದಿನ ಬಿಟ್ಬಿಡ್ರೀ. ನಿಮ್ ದಮ್ಮಯ್ಯ. ನಾಳೆಯಿಂದ ಎಷ್ಟು ಬೇಕೋ ಅಷ್ಟು ಹೇಳಿ, ಎದುರಿಗೆ ಕೂತು ಕೇಳ್ತೀನಿ."

ಎದುರುಮನೆಯಾಕೆ ಬಾಗಿಲಲ್ಲೇ ನಿಂತಿದ್ದರು. ಅವರು ಯಾವಾಗಲೂ ಬಾಗಿಲಲ್ಲೇ ನಿಂತಿರುತ್ತಿದ್ದರು. "ಖಾಲಿ ಮಾಡೋದಾದ್ರೆ ಮೊದ್ಲು ನಮಗೇ ಹೇಳಿ ಕಣ್ರೀ. ನಮ್ಮ ತಮ್ಮ ಖಾಯಂ ಆಗಿ ಮನೆ ಸಿಗದೆ ಒದ್ದಾಡ್ತಿದಾನೆ. ನಿಮ್ಮ ಬಾಲ್ಕನಿಗೆ ಬಿಸಿಲು ಚೆನ್ನಾಗಿ ಬೀಳುತ್ತೆ."

ಮೇಷ್ಟ್ರು ಬೂಟಿನ ದಾರ ಬಿಗಿದು ಹೊರಟರು.

ಮೊದಲ ಜಗಳ ಆಫೀಸಿನಲ್ಲಿ ಕಾಯುತ್ತಿತ್ತು. ಹೆಡ್‌ಕ್ಲರ್ಕ್ ಮೇಡಂ ಮೇಷ್ಟ್ರ ಅರ್ಜಿಯನ್ನು ಕಂಪ್ಯೂಟರಿಗೆ ಏರಿಸುತ್ತಿದ್ದರು. ‘ಮುಖ್ಯ ಫಲಿತಾಂಶ’ ಎಂಬ ಕಾಲಮ್ಮಿಗೆ ಬಂದಾಗ ಯಂತ್ರ ಕುಂಯ್ ಎಂದು ಕೂಗಿ ಕೆಂಪಾಯಿತು.

"ಈ ಕಾಲಮ್ಮು ಬರೀ ಅಂಕಿ ತಗೊಳ್ಳುತ್ತೆ ಸಾರ್. ನೀವು ನೂರ ಅರವತ್ತೆಂಟು ಅಂತ ಬರ್ದು, ಪಕ್ಕದಲ್ಲಿ ಅದೇನೋ ಗುರುತು ಹಾಕಿ ಮೂರು ಅಂತ ಬರ್ದಿದೀರ."

"ಅದು ಹೆಚ್ಚುಕಮ್ಮಿ ಮೂರು ಅಂತ."

"ಹೆಚ್ಚುಕಮ್ಮಿ ಆಗಿದೆ ಅಂತ ನೀವೇ ಬರ್ದು ಕೊಟ್ರೆ ನಾನು ಮೇಲಕ್ಕೆ ಹೇಗೆ ಕಳ್ಸಲಿ? ಆಗಿದ್ದನ್ನ ಸರಿ ಮಾಡ್ಕೊಂಡು ಬನ್ನಿ."

"ಏನೂ ಆಗಿಲ್ಲ ಮೇಡಂ. ಆಮ್ಲಜನಕದಲ್ಲಿ ನ್ಯೂಟ್ರಾನು ಕಿಕ್ಕಿರಿದ ಒಂದು ದಢೂತಿ ಜಾತಿ ಇದೆ. ಅದನ್ನ ಹಿಡಿದಿಟ್ಟಿರೋ ಶಕ್ತಿ ಎಷ್ಟು ಅಂತ ಇದುವರೆಗೆ ಯಾರೂ ಅಳೆದಿಲ್ಲ. ನಾನು ಲೆಕ್ಕ ಹಾಕಿದೀನಿ. ಆ ಮೂರು ಇಲ್ದಿದ್ರೆ ಈ ನೂರ ಅರವತ್ತೆಂಟು ಸುಳ್ಳು."

"ಸುಳ್ಳೋ ನಿಜವೋ, ಕಾಲಮ್ಮಿಗೆ ಹಿಡಿಸ್ಬೇಕಲ್ಲ ಸಾರ್."

ಮೇಷ್ಟ್ರು ಆ ಕಾಲಮ್ಮನ್ನು ಖಾಲಿ ಬಿಡಿಸಿದರು. ಅರ್ಧ ಸತ್ಯ ತುಂಬುವುದಕ್ಕಿಂತ ಖಾಲಿಯಿರುವುದು ವಾಸಿ ಎಂದರು. ಹೆಡ್‌ಕ್ಲರ್ಕ್ ಮೇಡಂ ಅವರನ್ನು ಕನಿಕರದಿಂದ ನೋಡಿದರು.

ಅಲ್ಲಿಂದ ಸಭಾಂಗಣಕ್ಕೆ ಹೋದರೆ, ಸಮಿತಿಗೆ ತೋರಿಸಲು ಗೋಡೆಗೆ ಅಂಟಿಸಿದ್ದ ಮೇಷ್ಟ್ರ ಪೋಸ್ಟರಿನ ಮುಂದೆ ನಿರ್ದೇಶಕರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಏನ್ರೀ ಇದು ಮಸಿ? ಪ್ರಿಂಟರ್ ಕೆಟ್ಟಿದೆಯಾ?"

"ಪಟ್ಟೆ ಸಾರ್. ಪ್ರಾಮಾಣಿಕತೆ."

"ಪ್ರಾಮಾಣಿಕತೆನ ಇಷ್ಟು ದಪ್ಪ ಬಳೀಬೇಕೇನ್ರೀ? ಪಕ್ಕದ ಪೋಸ್ಟರ್ ನೋಡಿ, ಗೆರೆ ಕೂದಲೆಳೆ ಹಾಗಿದೆ."

ಪಕ್ಕದ್ದು ಕರಾರುವಾಕ್ಕಿನದು. ಇದೂ ಅಡ್ಡಹೆಸರೇ. ಕರಾರುವಾಕ್ಕು ಆಗಲೇ ಖಾಯಂ ಆಗಿದ್ದ ಮನುಷ್ಯ. ಅದೇ ಆಮ್ಲಜನಕಕ್ಕೆ ಆತ ಕೊಟ್ಟ ಉತ್ತರ ನೂರ ಅರವತ್ತೊಂಬತ್ತು ಪಾಯಿಂಟ್ ಎರಡು ಏಳು. ಅದರಾಚೆ ಈಚೆ ಮಾತಿಲ್ಲ. ಕೇಳಿದವರಿಗೆ ಮೈ ಜುಂ ಅನ್ನಬೇಕು.

"ಸಮಿತಿಯವರು ಇದನ್ನ ನೋಡಿದ್ರೆ, ಈ ಸಂಸ್ಥೆಗೆ ಏನೂ ಖಾತ್ರಿ ಇಲ್ಲ ಅಂದ್ಕೋತಾರೆ. ಪಟ್ಟೆ ತೆಗೆಸಿ," ಎಂದರು ನಿರ್ದೇಶಕರು.

"ಆಗಲ್ಲ ಸಾರ್."

"ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಮನೇಲಿ ಪೆಟ್ಟಿಗೆ ಕಟ್ಟಿಟ್ಟಿದಾರಂತೆ."

ಎದುರುಮನೆಯಾಕೆಯ ಸುದ್ದಿ ಇಲ್ಲಿಯವರೆಗೂ ಬಂದಿತ್ತು. ಮೇಷ್ಟ್ರ ಕಿವಿ ಕೆಂಪಾಯಿತು. "ಪೆಟ್ಟಿಗೆ ಇನ್ನೂ ನಾಲ್ಕು ಕಟ್ಟಿಸ್ತೀನಿ ಸಾರ್, ಪಟ್ಟೆ ತೆಗೆಯಲ್ಲ," ಎಂದರು. ಹೀಗೆ ಅವರು ಪಟ್ಟೆಯನ್ನೂ ಬಿಡಲಿಲ್ಲ, ಪಟ್ಟನ್ನೂ ಬಿಡಲಿಲ್ಲ. ನಿರ್ದೇಶಕರು ಏನೂ ಹೇಳದೆ ಹೊರಟುಹೋದರು. ಅದೇ ಅನುಮಾನ ಪಡಬೇಕಾದ ಸಂಗತಿಯಾಗಿತ್ತು.

ಮೇಷ್ಟ್ರು ಊಟ ಮುಗಿಸಿ ಎರಡೂವರೆಗೆ ಬಂದು ನೋಡಿದರು. ಪೋಸ್ಟರ್ ಇತ್ತು, ಗೆರೆ ಇತ್ತು, ಪಟ್ಟೆ ಇರಲಿಲ್ಲ. ಪಕ್ಕದಲ್ಲಿ ಕರಾರುವಾಕ್ಕು ಹಲ್ಲು ಕಿರಿಯುತ್ತ ನಿಂತಿದ್ದ.

"ಸಾಹೇಬ್ರು ಹೇಳಿದ್ರು, ನಾನೇ ಬೇರೆ ಪ್ರಿಂಟ್ ಹಾಕಿಸ್ದೆ. ಥ್ಯಾಂಕ್ಸ್ ಎಲ್ಲ ಬೇಡ. ನಿಮ್ಮ ಮನೆಯವರ ಮುಖ ನೋಡೋಕಾಗಲ್ಲ ಸಾರ್."

"ಹಳೇದೆಲ್ಲಿ?"

"ಸಾಹೇಬ್ರ ಬೀರುವಿನಲ್ಲಿ. ಬೀಗದ ಕೈ ತಗೊಂಡು ಸಮಿತಿಯವರನ್ನ ಕರೆತರೋಕೆ ಹೋದ್ರು."

ಮೇಷ್ಟ್ರು ಪ್ರಿಂಟರಿನ ಕೋಣೆಗೆ ಓಡಿದರು. ಕರಾರುವಾಕ್ಕು ತನ್ನ ಗ್ರಾಫನ್ನು ಮೂವತ್ತು ಪ್ರತಿ ತೆಗೆಸಿ ಶಾಯಿ ಬರಿದು ಮಾಡಿದ್ದ. ಪೆನ್ಸಿಲ್ಲಿನಿಂದ ಉಜ್ಜಿದರೆ ನುಣುಪು ಕಾಗದದ ಮೇಲೆ ಕೂರಲೊಲ್ಲದು. ಕೊನೆಗೆ ಗೇಟಿನ ಕಾವಲುಗಾರನ ಬಳಿ ಬೂಟ್ ಪಾಲಿಶ್ ಡಬ್ಬಿ ಸಿಕ್ಕಿತು.

"ಬ್ರಷ್ ಬೇಡ್ವಾ ಸಾರ್?" ಎಂದ ಕಾವಲುಗಾರ.

"ಹೆಬ್ಬೆರಳು ಸಾಕು."

ಮೇಷ್ಟ್ರು ಗೋಡೆಯ ಮುಂದೆ ನಿಂತು, ಒಂದು ಕೈಯಲ್ಲಿ ಸ್ಕೇಲು ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿಂದ ಪಾಲಿಶ್ ಬಳಿಯತೊಡಗಿದರು. ಸುಮ್ಮನೆ ಬಳಿಯುವಂತಿಲ್ಲ. ಎಡಗಡೆ ಪಟ್ಟೆ ಸಣ್ಣಗಿರಬೇಕು, ನ್ಯೂಟ್ರಾನು ಹೆಚ್ಚಾದಷ್ಟೂ ಅಗಲವಾಗುತ್ತ ಹೋಗಬೇಕು. ಎಷ್ಟು ಅಗಲವೆಂಬುದು ಪೂರ್ತಿ ಅವರ ತಲೆಯಲ್ಲಿತ್ತು.

"ಒಂದು ಅಂದಾಜಿನ ಮೇಲೆ ಬಳಿದ್ಬಿಡಿ ಸಾರ್, ಟೈಮಾಯ್ತು," ಎಂದ ಕರಾರುವಾಕ್ಕು, ಗಾಬರಿಯಿಂದ.

"ಅಂದಾಜನ್ನ ಅಂದಾಜಿನ ಮೇಲೆ ಬಳಿಯೋಕಾಗಲ್ಲ ಕಣಯ್ಯ," ಎಂದು ಮೇಷ್ಟ್ರು ಅರ್ಧ ಮಿಲಿಮೀಟರನ್ನು ಅಂಗಿಯ ತುದಿಯಿಂದ ಒರೆಸಿ ತಿದ್ದಿದರು. ಬೆವರು ಬಂತೆಂದು ಅದೇ ಕೈಯಿಂದ ಹಣೆ ಒರೆಸಿಕೊಂಡರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಸಮಿತಿಯ ಅಧ್ಯಕ್ಷೆ ಕೂದಲು ಬೆಳ್ಳಗೆ ನರೆತ ಅಜ್ಜಿ, ಇದೇ ವಿಷಯದಲ್ಲಿ ಪಳಗಿದವರು. ಮೇಷ್ಟ್ರು ಗೌರವದಿಂದ ಕೈ ಕುಲುಕಿದರು. ಅಧ್ಯಕ್ಷೆಯ ಅಂಗೈ ಕಪ್ಪಾಯಿತು. ನಿರ್ದೇಶಕರ ಮುಖ ಅದಕ್ಕಿಂತ ಕಪ್ಪಾಯಿತು.

"ಈ ಪಟ್ಟೆ ಕೈಯಲ್ಲಿ ಬಳಿದಿದ್ದಾ?" ಎಂದರು ಅಧ್ಯಕ್ಷೆ, ಮೂಗಿನ ಬಳಿ ಅಂಗೈ ಹಿಡಿದು ವಾಸನೆ ನೋಡುತ್ತ.

"ಹೌದು ಮೇಡಂ. ತೆಗೆಸಿದ್ರು, ಮತ್ತೆ ಬಳಿದೆ. ಇನ್ನೊಂದ್ಸಲ ತೆಗೆದ್ರೆ ಇನ್ನೊಂದ್ಸಲ ಬಳೀತೀನಿ."

"ಯಾಕೆ?"

"ಎರಡು ಕಣಗಳ ಮಧ್ಯೆ ಇರೋ ಬಲ ನಂಗೆ ಚೆನ್ನಾಗಿ ಗೊತ್ತು ಮೇಡಂ. ಆದ್ರೆ ಮೂರನೇದು ಬಂದು ನಿಂತ್ರೆ ಆ ಎರಡರ ವರಸೆನೇ ಬೇರೆ ಆಗುತ್ತೆ. ನಮ್ಮ ಮನೇಲೂ ಅಷ್ಟೇ, ಎದುರುಮನೆಯವರು ಬಾಗಿಲಿಗೆ ಬಂದ ತಕ್ಷಣ ನಾನೂ ನನ್ನ ಹೆಂಡತೀನೂ ಬೇರೆ ಥರ ಮಾತಾಡ್ತೀವಿ. ಆ ಮೂರನೇದನ್ನೂ ಸೇರಿಸಿದೀನಿ. ಅದರ ಮೇಲಿನ ಮೆಟ್ಟಿಲು ಹತ್ತಿಲ್ಲ. ಹತ್ತಿಲ್ಲ ಅಂತ ಹೇಳೋಕೆ ನಂಗೆ ನಾಚಿಕೆ ಇಲ್ಲ. ಖಾಯಂ ಮಾಡದಿದ್ರೂ ಪರವಾಗಿಲ್ಲ, ಹತ್ತಿದೀನಿ ಅಂತ ಮಾತ್ರ ಹೇಳಲ್ಲ."

ಅಧ್ಯಕ್ಷೆ ಕೈಚೀಲದಿಂದ ಒಂದು ಹಾಳೆ ತೆಗೆದರು. ಆ ಆಮ್ಲಜನಕವನ್ನು ಒಂದು ಪ್ರಯೋಗಾಲಯದಲ್ಲಿ ಕೊನೆಗೂ ಅಳೆದಿದ್ದರು, ಹಾಳೆ ಬೆಳಿಗ್ಗೆಯಷ್ಟೇ ಅವರ ಕೈಸೇರಿತ್ತು.

"ನೂರ ಅರವತ್ತಾರು," ಎಂದು ಓದಿದರು. ಆಮೇಲೆ ಕನ್ನಡಕದ ಮೇಲಿಂದ ಮೇಷ್ಟ್ರನ್ನು ನೋಡಿ, "ಹೆಚ್ಚುಕಮ್ಮಿ ಅರ್ಧ" ಎಂದರು.

ಉತ್ತರ ಮೇಷ್ಟ್ರ ಪಾಲಿಶ್ ಪಟ್ಟೆಯೊಳಗೆ ಆರಾಮಾಗಿ ಬಂದು ಕೂತಿತು. ಕರಾರುವಾಕ್ಕಿನ ಕೂದಲೆಳೆ ಎಲ್ಲೋ ಮೇಲೆ ಒಂಟಿಯಾಗಿ ಹೋಗುತ್ತಿತ್ತು. ನನಗಂತೂ ಇದನ್ನು ಬರೆಯುವಾಗ ಎದೆ ತುಂಬಿ ಬರುತ್ತದೆ.

"ಇವರನ್ನ ಖಾಯಂ ಮಾಡಿ," ಎಂದರು ಅಧ್ಯಕ್ಷೆ ನಿರ್ದೇಶಕರಿಗೆ. "ಇನ್ನೊಂದು ಮಾತು. ಹೆಚ್ಚುಕಮ್ಮಿ ಇಲ್ಲದ ಒಂದೇ ಒಂದು ಕಾಗದ ಇನ್ಮೇಲೆ ಈ ಸಂಸ್ಥೆಯಿಂದ ಹೊರಗೆ ಹೋಗ್ಕೂಡದು. ಹೋಯ್ತೋ, ನನ್ನ ವರದಿಯಲ್ಲಿ ಬರೀತೀನಿ."

ಅವರು ಕಾರು ಹತ್ತಿ ಹೋದರು. ನಿರ್ದೇಶಕರು ನಡುಗಿಹೋಗಿದ್ದರು. ಅರ್ಧ ಗಂಟೆಯಲ್ಲಿ ಕ್ಯಾಂಟೀನಿನ ಹಲಗೆಯ ಮೇಲೆ ‘ಊಟ ಒಂದು ಗಂಟೆಗೆ, ಹೆಚ್ಚುಕಮ್ಮಿ’ ಎಂದು ಬಂತು. ಆಫೀಸಿನ ಕಂಪ್ಯೂಟರಿಗೆ ಆ ಗುರುತನ್ನು ಕಲಿಸಲಾಯಿತು. ಐದಕ್ಕೆ ಹೆಡ್‌ಕ್ಲರ್ಕ್ ಮೇಡಂ ಮೇಷ್ಟ್ರ ಮುಂದೆ ಆದೇಶ ಇಟ್ಟರು. ‘ತಮ್ಮ ಹುದ್ದೆಯನ್ನು ಹೆಚ್ಚುಕಮ್ಮಿ ಖಾಯಂಗೊಳಿಸಲಾಗಿದೆ.’

"ಇಲ್ಲೊಂದು ಸೈನ್ ಹಾಕ್ಬಿಡಿ ಸಾರ್. ಕ್ವಾರ್ಟರ್ಸೂ ಇದರಲ್ಲೇ ಬಂತು."

ಮೇಷ್ಟ್ರು ಪೆನ್ನು ತೆಗೆದರು. ಮುಚ್ಚಳ ಬಿಚ್ಚಿದರು. ಮತ್ತೆ ಮುಚ್ಚಿದರು.

"ಎಷ್ಟು ಹೆಚ್ಚುಕಮ್ಮಿ?"

"ಅದೆಲ್ಲ ಯಾಕೆ ಸಾರ್, ಸುಮ್ನೆ ಶಾಸ್ತ್ರಕ್ಕೆ ಹಾಕಿರೋದು. ಸೈನ್ ಹಾಕಿ."

"ಶಾಸ್ತ್ರಕ್ಕೆ ಹಾಕೋಕೆ ಅದೇನು ಚುಕ್ಕಿಯೇ? ಬೆಳಿಗ್ಗೆಯಿಂದ ನಾನು ಹೊಡೆದಾಡಿದ್ದು ಇದಕ್ಕೇ. ಎಷ್ಟು ಅಂತ ಹೇಳದ ಹೆಚ್ಚುಕಮ್ಮಿ ಬರೀ ಬಾಯುಪಚಾರ. ಇದನ್ನ ಹರಿದು ಹಾಕಿ, ಅಂಕಿ ಹಾಕಿ ಬೇರೆ ತನ್ನಿ."

"ಹರೀಲಾ ಸಾರ್?"

"ಹರೀರಿ."

ಹೆಡ್‌ಕ್ಲರ್ಕ್ ಮೇಡಂ ಹರಿದರು. ಹದಿನೈದು ನಿಮಿಷ ಬಿಟ್ಟು ಹೊಸ ಕಾಗದ ಹಿಡಿದು ನಗುನಗುತ್ತ ಬಂದರು.

"ಸಾಹೇಬ್ರು ಒಪ್ಪಿದ್ರು ಸಾರ್, ನೀವು ಹೇಳಿದ್ದೇ ಸರಿಯಂತೆ. ಆದ್ರೆ ಖಾಯಂ ಅನ್ನೋದು ಅಂಕಿ ಅಲ್ವಲ್ಲ, ಕಾಲಮ್ಮು ಅಂಕಿನೇ ಕೇಳುತ್ತೆ. ಅದಕ್ಕೆ ನಿಮ್ಮ ಹಳೇ ಆರ್ಡರ್‌ನಲ್ಲಿದ್ದ ಅಂಕಿನೇ ಹಾಕಿದ್ವಿ."

‘ಹುದ್ದೆಯ ಅವಧಿ: ಒಂದು ವರ್ಷ, ಹೆಚ್ಚುಕಮ್ಮಿ ಒಂದು ವರ್ಷ.’

ಅಂದರೆ ಇವತ್ತೇ ಮುಗಿದರೂ ಸರಿ, ಎರಡು ವರ್ಷ ನಡೆದರೂ ಸರಿ. ಮೇಷ್ಟ್ರು ಮೂರು ಸಲ ಓದಿದರು. ಎಲ್ಲಾದರೂ ತಪ್ಪಿದೆಯೇ ಎಂದು ಹುಡುಕಿದರು. ಅಂಕಿ ಇತ್ತು, ಅಗಲ ಇತ್ತು, ಲೆಕ್ಕ ಶುದ್ಧವಾಗಿತ್ತು. ತಾವು ಇಡೀ ದಿನ ಬೇಡಿದ್ದೇ ಕೈಗೆ ಬಂದಿತ್ತು. ಸಹಿ ಹಾಕದೆ ಬೇರೆ ದಾರಿಯಿರಲಿಲ್ಲ.

ಮನೆಯಲ್ಲಿ ಹೆಂಡತಿ ಪೆಟ್ಟಿಗೆಗಳ ನಡುವೆ ಕತ್ತರಿ ಹಿಡಿದು ಕಾಯುತ್ತಿದ್ದರು. ಎದುರುಮನೆಯಾಕೆ ಬಾಗಿಲಲ್ಲಿ ನಿಂತಿದ್ದರು.

"ಏನಾಯ್ತು ಹೇಳ್ರೀ. ಕಟ್ಟೋದಾ, ಬಿಚ್ಚೋದಾ?"

ಹಣೆಯ ಮೇಲೆ ಪಾಲಿಶ್ ಒಣಗಿ ಬಿರುಕು ಬಿಟ್ಟಿತ್ತು. ಮೇಷ್ಟ್ರು ಒಂದು ಪೆಟ್ಟಿಗೆಯ ಮೇಲೆ ಕುಕ್ಕರಿಸಿ, "ಹೆಚ್ಚುಕಮ್ಮಿ ಆಯ್ತು ಕಣೇ," ಎಂದರು.

ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. "ಆಯ್ತಾ? ನಂಗೊತ್ತಿತ್ತು," ಎಂದು ಮೊದಲ ಪೆಟ್ಟಿಗೆಯ ಹಗ್ಗಕ್ಕೆ ಕತ್ತರಿ ಹಾಕಿದರು.

"ಹೆಚ್ಚುಕಮ್ಮಿ ಆಯ್ತಾ? ಅಯ್ಯೋ ಪಾಪ," ಎಂದು ಎದುರುಮನೆಯಾಕೆ ತಮ್ಮ ಮನೆಗೆ ಹೋಗಿ, ಬಾಲ್ಕನಿ ಅಳೆಯಲು ಟೇಪು ತಂದರು.

"ಟೇಪ್ ಯಾಕ್ರೀ? ಕೆಲಸ ಆಯ್ತು ಅಂದ್ರಲ್ಲ ನಮ್ಮನೆಯವರು."

"ಎಲ್ಲಿ ಅಂದ್ರು? ಹೆಚ್ಚುಕಮ್ಮಿ ಆಯ್ತು ಅಂದ್ರು. ಹಾಗಂದ್ರೆ ಕೆಟ್ಟೋಯ್ತು ಅಂತ ತಾನೆ?"

ಒಬ್ಬರ ಕೈಯಲ್ಲಿ ಕತ್ತರಿ, ಒಬ್ಬರ ಕೈಯಲ್ಲಿ ಟೇಪು. ಇಬ್ಬರೂ ಮೇಷ್ಟ್ರ ಕಡೆಗೆ ತಿರುಗಿದರು. "ನೀವೇ ಹೇಳಿ, ನಮ್ಮಿಬ್ಬರಲ್ಲಿ ಯಾರು ಸರಿ?"

ಮೇಷ್ಟ್ರು ಜೇಬಿನ ಕಾಗದವನ್ನು ಮುಟ್ಟಿ ನೋಡಿಕೊಂಡರು.

"ಇಬ್ರೂ ಸರಿ," ಎಂದರು.

ಹನ್ನೆರಡು ವರ್ಷದಲ್ಲಿ ಇಷ್ಟು ಕರಾರುವಾಕ್ಕಾದ ಉತ್ತರವನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ.