ಎಡಗಾಲಿನ ಡೈಮ್

"ಮಗಳ ಮದುವೆ ಮುಗಿಯೋತನಕ ನಾಣ್ಯದ ಸುದ್ದಿ ಎತ್ತಿದ್ರೆ ನನ್ನ ಹೆಸರು ಆರ್ಲೋ ಅಲ್ಲ!" ಎಂದು ಆರ್ಲೋ ಪ್ರೂಯಿಟ್ ಕಾರ್ಸನ್ ಸಿಟಿಯ ತನ್ನ ಅಡುಗೆಮನೆಯಲ್ಲಿ ನಿಂತು ಘೋರ ಪ್ರತಿಜ್ಞೆ ಮಾಡಿದ.

ಹೆಂಡತಿ ಡೋರೀನ್ ನಂಬಲಿಲ್ಲ. ನಂಬುವುದಾದರೂ ಹೇಗೆ? ನಿಶ್ಚಿತಾರ್ಥದ ಊಟಕ್ಕೆ ಬಂದ ಬೀಗರನ್ನು ಹಿಡಿದು ಕೂರಿಸಿ, ಪಕ್ಕದ ಬೆಟ್ಟದ ಬೆಳ್ಳಿ ಈ ಊರಿನ ಟಂಕಸಾಲೆಯಲ್ಲೇ ಹೇಗೆ ನಾಣ್ಯವಾಯಿತು, ಊರಿನ ಗುರುತಾಗಿ ಅದರ ಬೆನ್ನಿಗೆ ಎರಡು ಪುಟ್ಟ 'ಸಿ' ಹೇಗೆ ಬಿತ್ತು, ಕೊನೆಗೆ ಆ ಟಂಕಸಾಲೆ ಯಾಕೆ ಮುಚ್ಚಿತು ಎಂದು ಆತ ಕೊರೆದ ಕೊರೆತಕ್ಕೆ, ಪಾಪ, ಅವರು ಹುರಿದ ಕೋಳಿಯನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದರು!

ಮದುವೆಯ ದಿನ ಚರ್ಚಿನ ಬಾಗಿಲಲ್ಲಿ ಮಗಳು ಬೆಥನಿಯ ತೋಳು ಹಿಡಿದು ಆರ್ಲೋ ಠೀವಿಯಿಂದ ನಿಂತಿದ್ದ. ಡೋರೀನ್ ಅವನ ಕಿವಿಯಲ್ಲಿ ಉಸುರಿದಳು.

"ಮದುಮಗಳ ಎಡಗಾಲಿನ ಶೂ ಒಳಗೆ ಅದೃಷ್ಟಕ್ಕೆ ಅಂತ ಹತ್ತು ಸೆಂಟಿನ ಬೆಳ್ಳಿ ಡೈಮ್ ಇಡಬೇಕಲ್ಲ, ನಿನ್ನ ನಾಣ್ಯದ ಪೆಟ್ಟಿಗೆಯಿಂದ ಒಂದು ತಗೊಂಡೆ. ಇದ್ದಿದ್ರಲ್ಲಿ ಕರ್ರಗಿತ್ತಲ್ಲ, ಅದು."

"ಬಂಡೆ ಮೇಲೆ ಸ್ವಾತಂತ್ರ್ಯದೇವಿ ಕೂತಿರೋದಾ?"

"ಹೂಂ. ಹಿಂದೆ ಎರಡು ಸಿ."

ಆರ್ಲೋ ಮಗಳ ಎಡಗಾಲನ್ನೇ ದಿಟ್ಟಿಸಿದ. ಆ ಡೈಮಿಗಾಗಿ ತನ್ನ ಟ್ರಕ್ಕನ್ನೇ ಮಾರಿದ್ದ ಆಸಾಮಿ! ದೇವಿಯ ಮುಖ ಕೂದಲೆಳೆಯಷ್ಟು ಸವೆದರೂ ಅದರ ಬೆಲೆಯ ಕಥೆ ಮುಗಿಯಿತು! ವಾಪಸ್ ಕೇಳೋಣವೆಂದರೆ ಪ್ರತಿಜ್ಞೆ ಅಡ್ಡ. ಅಷ್ಟರಲ್ಲಿ ಒಳಗೆ ವಾದ್ಯ ಶುರುವಾಯಿತು.

"ಎಡಗಾಲು ಮೆಲ್ಲಗೆ ಇಡಮ್ಮ."

"ಯಾಕಪ್ಪ?"

"ನೆಲ ಜಾರುತ್ತೆ!"

"ಕಾರ್ಪೆಟ್ ಹಾಸಿದಾರಲ್ಲಪ್ಪ!"

ಪಾದ್ರಿಗಳು ಏನು ಹೇಳಿದರೋ, ಅಳಿಯ ಏನು ಒಪ್ಪಿಕೊಂಡನೋ, ಆರ್ಲೋಗೆ ಒಂದೂ ಕೇಳಿಸಲಿಲ್ಲ. ಅವನ ಪ್ರಾಣವೆಲ್ಲ ಆ ಶೂ ಒಳಗಿತ್ತು.

ಊಟವಾದ ಮೇಲೆ ಅಪ್ಪ ಮಗಳು ಕುಣಿಯುವ ಸರದಿ ಬಂತು. ಕುಣಿತ! ಅರೆಯುವ ಕಲ್ಲಿಗೆ ಡೈಮ್ ಕೊಟ್ಟ ಹಾಗೆ! ಆರ್ಲೋ ಬೆವೆತು ನೀರಾದ.

"ಚಿಕ್ಕೋಳಿದ್ದಾಗ ನಿಲ್ತಿದ್ಯಲ್ಲ, ಹಾಗೇ ನನ್ನ ಕಾಲ ಮೇಲೆ ನಿಂತ್ಕೊ. ನಾನೇ ಕುಣಿಸ್ತೀನಿ."

"ಅಪ್ಪಾ, ನಾನೀಗ ಎಷ್ಟು ಭಾರ ಗೊತ್ತಾ?"

"ಹತ್ತಮ್ಮ ಸುಮ್ನೆ!"

ಅವಳು ಹತ್ತಿದಳು. ಅವನ ಕಾಲ್ಬೆರಳುಗಳು ನುಚ್ಚುನೂರಾದವು. ನೆಂಟರೆಲ್ಲ "ಅಯ್ಯೋ, ಎಂಥ ಪ್ರೀತಿ!" ಎಂದು ಕಣ್ಣೊರೆಸಿಕೊಂಡರು. ಬೆಥನಿ ಅವನ ಹೆಗಲಿಗೆ ತಲೆಯಿಟ್ಟಳು.

"ಅಪ್ಪ, ನಿನಗೆ ನಿನ್ನ ನಾಣ್ಯಗಳೇ ಹೆಚ್ಚು ಅಂದ್ಕೊಂಡಿದ್ದೆ ಕಣಪ್ಪ. ಸಾರಿ."

ಆರ್ಲೋಗೆ ನಾಚಿಕೆಯೂ ಆಯಿತು, ಮಗಳ ಮೇಲೆ ಮುದ್ದೂ ಬಂತು. ಹಾಳಾಗಿ ಹೋಗಲಿ ಡೈಮ್!

"ಇಳಿಯೇ ಮಗಳೇ. ಎರಡೂ ಕಾಲೂರಿ ಕುಣಿ!"

ಅವಳು ನೆಲ ಅದುರುವಂತೆ ಕುಣಿದಳು. ಅವನು ಮಹಾತ್ಯಾಗಿಯ ಗತ್ತಿನಲ್ಲಿ ಕುಂಟುತ್ತ ಬಂದು ಹೆಂಡತಿಯ ಪಕ್ಕ ಕುಳಿತ.

"ಮೆಚ್ಚಿದೆ ಕಣೋ!" ಎಂದಳು ಡೋರೀನ್. "ಡೈಮ್ ಅಂತ ಒಂದು ಸಲನೂ ಬಾಯಿ ಬಿಡ್ಲಿಲ್ಲ. ನೀನೇನೂ ಹೆದರ್ಬೇಡ, ಅವಳ ಬಿಳೀ ಕಾಲುಚೀಲಕ್ಕೆ ಮಸಿ ಹತ್ತಿಲ್ಲ. ಬೆಳಿಗ್ಗೆನೇ ಆ ಡೈಮಿಗೆ ಟೂತ್‌ಪೇಸ್ಟ್ ಹಾಕಿ, ಪಾತ್ರೆ ತಿಕ್ಕೋ ನಾರಲ್ಲಿ ಗಸಗಸ ಉಜ್ಜಿಟ್ಟಿದ್ದೆ. ದೇವಿ ಮೂಗು ಒಂಚೂರು ಹೋಯ್ತು, ಆದ್ರೆ ಏನು ಹೊಳಪು ಅಂತೀಯಾ!"

ಆರ್ಲೋನ ಕಣ್ಣಿಂದ ದಳದಳ ನೀರು ಸುರಿಯಿತು.

"ಮಗಳನ್ನ ಕಳಿಸೋ ಸಂಕಟ, ನಂಗೂ ಅರ್ಥ ಆಗುತ್ತೆ," ಎಂದು ಡೋರೀನ್ ತನ್ನ ಕರವಸ್ತ್ರ ಕೊಟ್ಟಳು.