ಮುಗಿಸಲು ಬಾರದ ಸ್ಕಾರ್ಫ್

ಹೆಣಿಗೆ ಗಂಡಸರಿಗೆ ಒಗ್ಗುವುದಿಲ್ಲ ಎಂದು ನನ್ನ ಹೆಂಡತಿ ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅವಳು ಹೇಳಿದ್ದು, “ನಿಮಗೆ ಒಗ್ಗಲ್ಲ” ಎಂದು! ಇಡೀ ಗಂಡುಕುಲವನ್ನು ಬಿಟ್ಟು ನನ್ನೊಬ್ಬನನ್ನೇ ಹೆಕ್ಕಿ ತೆಗೆದರೆ ಯಾರಿಗೆ ಮೈ ಉರಿಯುವುದಿಲ್ಲ?

ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕಾಯಿಲೆಯ ಮಕ್ಕಳ ಜೊತೆಗಿರುವ ತಾಯಂದಿರು ತಣ್ಣನೆಯ ನೆಲದ ಮೇಲೇ ಮಲಗುತ್ತಾರೆ. ಅವರಿಗೆ ಮಡಚುವ ಮಂಚಗಳನ್ನು ಕೊಡಿಸಬೇಕೆಂದು ನನ್ನಾಕೆ ಹೆಣಿಗೆಯ ಗೆಳತಿಯರನ್ನು ಕೂಡಿಸಿ ಅಲಂಕಾರದ ಸ್ಕಾರ್ಫ್‌ಗಳ ಮಾರಾಟ ಇಟ್ಟುಕೊಂಡಿದ್ದಳು. ನಮ್ಮ ಊಟದ ಮೇಜಿನ ತುಂಬ ಉಲ್ಲನ್ ಉಂಡೆಗಳು. ತಟ್ಟೆ ಇಡಲು ಜಾಗವಿಲ್ಲ.

“ಎರಡು ಕಡ್ಡಿ, ಒಂದು ದಾರ. ಇದಕ್ಕೆ ಇಷ್ಟು ಆರ್ಭಟವಾ?” ಎಂದೆ. “ಇಷ್ಟು ವರ್ಷ ಪತ್ರಿಕೆಗೆ ವಿಶೇಷ ಲೇಖನ ಹೆಣೆದವನು ನಾನು. ನಿಮ್ಮ ಮಾರಾಟದಲ್ಲಿ ಎಲ್ಲಕ್ಕಿಂತ ಮುಂದೆ ತೂಗೋದು ನನ್ನ ಸ್ಕಾರ್ಫೇ. ನೋಡ್ತಾ ಇರು!”

“ರೀ, ವಾರ್ಡಿನವರಿಗೆ ಮಂಚ ಕೊಟ್ಟೇ ಕೊಡ್ತೀವಿ ಅಂತ ಮಾತು ಕೊಟ್ಟಿದ್ದೀನಿ. ನನ್ನ ಮಾನ ತೆಗೀಬೇಡಿ.”

ಆದರೂ ಕಲಿಸಿದಳು. ಕುಣಿಕೆ ಹಾಕುವುದು, ಸಾಲು ತಿರುಗಿಸುವುದು, ದಾರದ ಬಣ್ಣ ಬದಲಿಸುವುದು. “ಇನ್ನು ಮುಗಿಸೋದು ಹೇಗೆ ಅಂದ್ರೆ...” ಎಂದು ಶುರು ಮಾಡಿದಳು.

“ಶುರು ಮಾಡಿದವನಿಗೆ ಮುಗಿಸೋಕೆ ಬರಲ್ವಾ? ನನ್ನನ್ನೇನು ಎಳೆಮಗು ಅಂದ್ಕೊಂಡಿದ್ದೀಯಾ?”

“ಸರಿ, ಹಾಗಾದ್ರೆ!” ಎಂದವಳೇ ಕಡ್ಡಿಗಳನ್ನು ನನ್ನ ಮಡಿಲಿಗೆ ಎಸೆದು ಎದ್ದುಹೋದಳು.

ಸ್ಕಾರ್ಫ್ ಬೆಳೆಯಿತು. ಅಂಗೈಯಗಲ ಹೊರಟದ್ದು ತಾನೇ ತಾನಾಗಿ ಟವೆಲ್ಲಿನಷ್ಟು ಅಗಲವಾಯಿತು. ಬೈದು ಕುಣಿಕೆ ಬಿಗಿ ಮಾಡಿದೆ. ಸಿಟ್ಟಿನಲ್ಲಿ ಟೈಯಷ್ಟಕ್ಕೆ ಇಳಿಯಿತು. ಮೊಣಕಾಲು ದಾಟಿತು, ಸೋಫಾ ಇಳಿಯಿತು, ನೆಲದ ಮೇಲೆ ಹರಿಯಿತು. ನನಗೆ ನಿಲ್ಲಿಸಲು ಬಾರದು! ಕಡ್ಡಿ ತೆಗೆದರೆ ಕುಣಿಕೆಗಳು ಬಾಯಿ ಬಿಡುತ್ತವೆ. ಹೆಂಡತಿಯನ್ನು ಕೇಳೋಣವೆಂದರೆ, ಗೆದ್ದ ಮುಖ ಹೊತ್ತು ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತಿರುತ್ತಿದ್ದಳು.

“ಇನ್ನೂ ಮುಗೀಲಿಲ್ವಾ? ಯಾರಿಗದು, ಜಿರಾಫೆಗಾ?”

“ಕಲೆಗೆ ಅವಸರ ಇಲ್ಲ!” ಎಂದು ಗುಡುಗಿದೆ. ಗುಡುಗಿದ ರಭಸಕ್ಕೆ ಇನ್ನೂ ಎರಡು ಸಾಲು ಹೆಣೆದೆ.

ಕೊನೆಗೆ ಅದನ್ನು ಚೀಲಕ್ಕೆ ತುರುಕಿ ಕಚೇರಿಗೆ ಒಯ್ದೆ. ನಮ್ಮ ಉಪಸಂಪಾದಕನಿಗೆ ಕತ್ತರಿಯಣ್ಣ ಎಂದೇ ಹೆಸರು. ಎಂಥ ಲೇಖನ ಕೊಟ್ಟರೂ ಅದರ ಬಾಲ ಕೊಯ್ಯದೆ ಬಿಟ್ಟವನಲ್ಲ.

“ಉದ್ದ ಆಯ್ತಾ? ಇದಕ್ಕೆಲ್ಲ ಯಾಕೋ ತಲೆಬಿಸಿ? ಕೊನೆಯಿಂದ ಕತ್ತರಿಸು. ಕೊನೆಯಲ್ಲಿ ಮುಖ್ಯವಾದದ್ದು ಏನೂ ಇರಲ್ಲ” ಎಂದ. ಪತ್ರಿಕೆಯವರಿಗೆ ಇದು ವೇದವಾಕ್ಯ. ಅವನೇ ಕತ್ತರಿ ಕೊಟ್ಟ. ಕಡ್ಡಿಗಳ ಸಮೇತ ಬಾಲವನ್ನು ಕೊಯ್ದೆ. ಕೊಯ್ದ ಅಂಚು ಕೆದರಿತು. ಲಕೋಟೆ ಅಂಟಿಸುವ ಗೋಂದು ಬಳಿದು ಒಣಗಿಸಿದೆ. ಅಚ್ಚುಕಟ್ಟು!

ಮಾರಾಟದ ದಿನ ಸ್ಕಾರ್ಫ್ ಎಲ್ಲಕ್ಕಿಂತ ಮುಂದೆ ತೂಗಿತು. ಹೆಂಡತಿ ಅಂಚನ್ನು ಮುಟ್ಟಿ, “ಇದೇನ್ರೀ ಗಟ್ಟಿಯಾಗಿದೆ?” ಎಂದಳು. “ಗಟ್ಟಿ ಕೆಲಸ” ಎಂದೆ. ಅಷ್ಟರಲ್ಲಿ ವಾರ್ಡಿನ ಹೆಡ್ ಸಿಸ್ಟರ್ ಬಂದರು. ಬಣ್ಣ ಮೆಚ್ಚಿ, ಅದನ್ನೇ ಕೊರಳಿಗೆ ಸುತ್ತಿಕೊಂಡು ಕುರ್ಚಿಯಲ್ಲಿ ಕೂತರು. ಮಾತಾಡಲು ಎದ್ದು ಮೈಕಿನ ಕಡೆಗೆ ಹೊರಟಾಗ ಗೋಂದಿನ ಅಂಚು ಕುರ್ಚಿಯ ಮೊಳೆಗೆ ಸಿಕ್ಕಿಕೊಂಡಿತು.

ಗೋಂದು ಪಟ್ಟೆಂದು ಬಿಟ್ಟಿತು. ಸಿಸ್ಟರ್ ನಡೆದರು, ಸ್ಕಾರ್ಫ್ ಬಿಚ್ಚಿತು. ಸಾಲಿನ ಹಿಂದೆ ಸಾಲು, ಬಣ್ಣದ ಹಿಂದೆ ಬಣ್ಣ! ಅವರು ಮೈಕ್ ಮುಟ್ಟಿ, “ನಿಮ್ಮೆಲ್ಲರ ಕೈಕೆಲಸ ನೋಡಿ ಮನಸ್ಸು ತುಂಬಿತು” ಎನ್ನುವಾಗ ಕೊರಳಲ್ಲಿ ಉಳಿದದ್ದು ಬರೀ ದಾರ.

ಕೊಳ್ಳಲು ಬಂದವರು ಕೈಯಲ್ಲಿದ್ದುದನ್ನು ಕೆಳಗಿಟ್ಟರು. “ಎಲ್ಲಾ ಹೀಗೇನಾ?” ಎಂದಿತು ಒಂದು ದನಿ. ಒಬ್ಬೊಬ್ಬರೇ ಬಾಗಿಲ ಕಡೆ ತಿರುಗಿದರು. ಮಂಚಗಳು ನನ್ನ ಕಣ್ಣೆದುರೇ ಮಡಚಿಕೊಂಡವು.

ಮೂಲೆಗೆ ಸರಿದು ಕತ್ತರಿಯಣ್ಣನಿಗೆ ಫೋನ್ ಮಾಡಿ, “ಕೊನೆಯಲ್ಲಿ ಏನೂ ಇರಲ್ಲ ಅಂದ್ಯಲ್ಲೋ, ಪಾಪಿ!” ಎಂದು ಹಲ್ಲು ಕಡಿದೆ.

“ನಾನು ಹೇಳಿದ್ದು ನಿನ್ನ ಲೇಖನಗಳ ಅನುಭವದಿಂದ ಕಣೋ” ಎಂದ.

ತಿರುಗಿ ನೋಡಿದರೆ ಹೆಂಡತಿ ಕುರ್ಚಿ ಹತ್ತಿ ನಿಂತಿದ್ದಾಳೆ! ಮುಖ ಕೆಂಡ, ಕೈಯಲ್ಲಿ ತಾನು ಹೆಣೆದ ಸ್ಕಾರ್ಫ್.

“ಅದು ನಮ್ಮ ಕೆಲಸ ಅಲ್ಲ! ಅಗೋ, ಮೂಲೇಲಿ ನಿಂತಿದ್ದಾರಲ್ಲ, ನಮ್ಮನೆಯವರು, ಅವರದು! ನಮ್ಮ ಕೆಲಸ ನೋಡ್ಬೇಕಾ? ತಗೊಳ್ಳಿ, ಎಳೀರಿ! ಇಬ್ಬರು ಸೇರಿ ಎಳೀರಿ!”

ಎಳೆದರು. ಜಗ್ಗಿದರು. ಒಂದು ಕುಣಿಕೆಯೂ ಅಲುಗಲಿಲ್ಲ. ಸಭೆ ಮೊದಲು ಸ್ಕಾರ್ಫ್ ನೋಡಿತು, ಆಮೇಲೆ ನನ್ನನ್ನು ನೋಡಿತು, ಮತ್ತೆ ಮೇಜಿಗೆ ಮುಗಿಬಿತ್ತು. ಸಂಜೆಯೊಳಗೆ ಮೇಜು ಖಾಲಿ. ಬಂದ ಹಣ ಮಂಚಗಳಿಗೆ ಸಾಕಾಗಿ ಹೊದಿಕೆಗೂ ಮಿಕ್ಕಿತು.

ಮನೆಯವರೆಗೆ ನಾನು ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದೆ. ನನಗೂ ಸಿಟ್ಟು ಇರುವುದಿಲ್ಲವೇ? ಅಷ್ಟು ಜನರೆದುರು ಬೆರಳು ಮಾಡಿ ತೋರಿಸುವುದೆಂದರೆ!

ಬೀಗ ತೆಗೆಯುತ್ತಾ ಅವಳೇ ಬಾಯಿಬಿಟ್ಟಳು. “ಮುಂದಿನ ಮಾರಾಟಕ್ಕೂ ನೀವೊಂದು ಹೆಣೀಬೇಕು.”

ನನ್ನ ಎದೆ ಉಬ್ಬಿತು. ಸಿಟ್ಟು ಬಿಟ್ಟು ಅವಳನ್ನು ಉದಾರವಾಗಿ ಕ್ಷಮಿಸಿ, “ಆಗಲಿ. ಆದರೆ ಈ ಸಲ ಮುಗಿಸೋದು ಹೇಗೆ ಅಂತ ಹೇಳಿಕೊಟ್ಟುಬಿಡು” ಎಂದೆ.

“ಖಂಡಿತಾ ಇಲ್ಲ!” ಎಂದಳು. “ನೀವು ಕಲಿತುಬಿಟ್ರೆ ನಮ್ಮದನ್ನ ಯಾರು ಕೊಳ್ತಾರೆ?”